ಕೀಲಿ ಕೊಟ್ಟ ಮಾತ್ರಕ್ಕೆ ಕಾರು ಮಾರಿದಂತಾಗದು: ಹಳೆ ಕಾರು ವ್ಯಾಪಾರಿಗಳಿಗೊಂದು ಬಹಿರಂಗ ಪತ್ರ

ರಾಜ್ಯದ ಹಳೆ ಕಾರು ವ್ಯಾಪಾರಿಗಳಿಗೆ, ಆಟೋ ಕನ್ಸಲ್ಟೆಂಟರಿಗೆ, ಆರ್‌ಟಿಒ ಕಚೇರಿಗಳ ಎದುರು ಕುಳಿತು ಕಾಗದಪತ್ರ ಮಾಡಿಸಿಕೊಡುವ ಏಜೆಂಟರಿಗೆ,



2021ರ ಆಗಸ್ಟ್ 22, ಭಾನುವಾರ. ಬೆಂಗಳೂರಿನ ಯುಬಿ ಸಿಟಿ ಬಳಿ ಸಾರಿಗೆ ಇಲಾಖೆಯ ಅಧಿಕಾರಿಗಳು ದುಬಾರಿ ಕಾರುಗಳನ್ನು ತಡೆದು ದಾಖಲೆ ನೋಡುತ್ತಿದ್ದರು. ಅಂದು ವಶಪಡಿಸಿಕೊಂಡ ಕಾರುಗಳಲ್ಲಿ ಮಹಾರಾಷ್ಟ್ರ ನೋಂದಣಿಯ ಬಿಳಿ ರೋಲ್ಸ್ ರಾಯ್ಸ್ ಫ್ಯಾಂಟಮ್ ಒಂದಿತ್ತು. ಅದರ ಆರ್‌ಸಿಯಲ್ಲಿದ್ದ ಹೆಸರು ಅಮಿತಾಭ್ ಬಚ್ಚನ್. ನಟ ಆ ಕಾರನ್ನು 2019ರಲ್ಲೇ ಬೆಂಗಳೂರಿನ ಉದ್ಯಮಿಯೊಬ್ಬರಿಗೆ ಮಾರಿದ್ದರು. ಕೊಂಡವರು ಕೋಟಿಗಳಲ್ಲಿ ಹಣ ಕೊಟ್ಟಿದ್ದರು, ಕಾರು ಅವರ ಮನೆಯಲ್ಲೇ ಇತ್ತು. ಸರ್ಕಾರದ ಪುಸ್ತಕದಲ್ಲಿ ಮಾತ್ರ ಅದು ಇನ್ನೂ ಮುಂಬೈಯ ನಟನದೇ ಆಗಿ ಉಳಿದಿತ್ತು. ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಜುಲೈನಲ್ಲಿ ಆ ಫ್ಯಾಂಟಮ್ ಮತ್ತು ಅದೇ ಉದ್ಯಮಿಯ ಬಳಿಯಿದ್ದ ಇನ್ನೊಂದು ರೋಲ್ಸ್ ರಾಯ್ಸ್, ಎರಡಕ್ಕೂ ಸೇರಿ 38 ಲಕ್ಷ ರೂಪಾಯಿಗೂ ಹೆಚ್ಚು ಮೊತ್ತವನ್ನು ಇಲಾಖೆ ವಿಧಿಸಿತು. ಅದೇ ತಿಂಗಳ ಆರಂಭದಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಾಗ, ಇಲಾಖೆ ಸುಮಾರು 1.42 ಕೋಟಿ ರೂಪಾಯಿ ತೆರಿಗೆಯನ್ನು ಒಂದೇ ಸಲಕ್ಕೆ ಕಟ್ಟಿಸಿಕೊಂಡಿತ್ತು.

ಈ ಸುದ್ದಿಗಳನ್ನು ಓದಿದವರು ಇವು ಶ್ರೀಮಂತರ ತಾಪತ್ರಯ ಎಂದು ಪುಟ ತಿರುಗಿಸಿರುತ್ತಾರೆ. ಆದರೆ ಕೋಟಿಯ ಕಾರಿಗೂ ಮೂರು ಲಕ್ಷದ ಸ್ವಿಫ್ಟ್‌ಗೂ ಕಾನೂನು ಒಂದೇ. ವ್ಯತ್ಯಾಸವಿರುವುದು ಪೆಟ್ಟು ತಡೆದುಕೊಳ್ಳುವ ಶಕ್ತಿಯಲ್ಲಿ. ಜೀವನದ ಮೊದಲ ಕಾರನ್ನು ನಿಮ್ಮ ಅಂಗಳದಲ್ಲಿ ಆರಿಸಿಕೊಳ್ಳುವವರು ಶಾಲಾ ಶಿಕ್ಷಕರು, ಅಡಿಕೆ ಮಾರಿದ ಹಣ ಹಿಡಿದು ಬಂದ ರೈತರು, ಅಂಗಡಿ ಇಟ್ಟವರು, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು. ಎಂಜಿನ್ ಸದ್ದನ್ನು ಕೇಳಿಸಿಕೊಳ್ಳಲು ಇವರು ಪರಿಚಯದ ಮೆಕ್ಯಾನಿಕ್‌ನನ್ನು ಕರೆತರುತ್ತಾರೆ. ಕಾಗದ ಓದಲು ಯಾರನ್ನೂ ಕರೆತರುವುದಿಲ್ಲ, ಏಕೆಂದರೆ ಆ ಕೆಲಸವನ್ನು ನೀವು ಮಾಡುತ್ತೀರೆಂದು ನಂಬಿರುತ್ತಾರೆ. ಈ ಪತ್ರ ಬರೆಯಬೇಕಾಗಿ ಬಂದದ್ದು ಆ ನಂಬಿಕೆಯ ಸಲುವಾಗಿ.

ನಿಮ್ಮ ವ್ಯವಹಾರದಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಜೋರಾಗಿ ಹೇಳದ ಪದ್ಧತಿಯೊಂದಿದೆ. ಮಾರುವವರಿಂದ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳುವುದು, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಡುವುದು. ಕಾರು ನಿಮ್ಮಿಂದ ಇನ್ನೊಬ್ಬ ವ್ಯಾಪಾರಿಗೆ, ಅಲ್ಲಿಂದ ಮತ್ತೊಂದು ಊರಿಗೆ ಹೋದಾಗ ಆ ಸಹಿಯೂ ಜೊತೆಗೆ ಹೋಗುತ್ತದೆ. ಕೊನೆಯ ಗಿರಾಕಿ ಸಿಕ್ಕ ದಿನ ಖಾಲಿ ಜಾಗ ತುಂಬಿದರೆ ಪ್ರತಿ ಕೈಗೂ ವರ್ಗಾವಣೆ ಮಾಡಿಸುವ ಖರ್ಚು ಉಳಿಯುತ್ತದೆ, ಆರ್‌ಸಿಯಲ್ಲಿ ಮಾಲೀಕರ ಸಂಖ್ಯೆಯೂ ಹೆಚ್ಚುವುದಿಲ್ಲ. ಲೆಕ್ಕ ಅರ್ಥವಾಗುವಂಥದ್ದೇ. ಆದರೆ ಉಳಿದ ಆ ಹಣದ ಬದಲಿಗೆ ಅಪಾಯ ಇನ್ಯಾರದೋ ಮನೆ ಸೇರುತ್ತದೆ.

ಯಾರ ಮನೆಗೆ ಎಂಬುದನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ಸ್ಪಷ್ಟವಾಗಿ ಹೇಳಿದೆ. 2009ರ ಮೇ ತಿಂಗಳಲ್ಲಿ ಒಂದು ಕಾರು ದಾರಿಹೋಕರಿಗೆ ಬಡಿದು ಒಬ್ಬರ ಜೀವ ಹೋಗಿತ್ತು. ಆರ್‌ಸಿಯಲ್ಲಿ ಹೆಸರಿದ್ದಾತ ಆ ಕಾರನ್ನು 2007ರಲ್ಲೇ ಮಾರಿದ್ದ. ಆಮೇಲೆ ಅದು ಕೈಯಿಂದ ಕೈಗೆ ಹೋಗಿ, ಅಪಘಾತದ ಹೊತ್ತಿಗೆ ಬೇರೆಯೇ ಒಬ್ಬರ ಬಳಿ ಇತ್ತು. ನಡುವಿನ ಯಾರೂ ಹೆಸರು ಬದಲಾಯಿಸಿಕೊಂಡಿರಲಿಲ್ಲ. ಪರಿಹಾರ ಕೊಡಬೇಕಾದವರು ಯಾರು? ಮೋಟಾರು ವಾಹನ ಕಾಯ್ದೆಯಲ್ಲಿ ಮಾಲೀಕನೆಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಆತನೇ, ಮಾರಿದ್ದೇನೆಂಬ ಮಾತು ಗಾಯಾಳುವಿನ ಎದುರು ನಿಲ್ಲುವುದಿಲ್ಲ ಎಂದು ತ್ರಿಸದಸ್ಯ ಪೀಠ ತೀರ್ಪಿತ್ತಿತು. ಗಾಯಗೊಂಡವರು ಕಾರು ಯಾರ ಯಾರ ಕೈ ದಾಟಿದೆ ಎಂದು ಹುಡುಕಿಕೊಂಡು ಅಲೆಯಬೇಕಿಲ್ಲ ಎಂಬುದು ಆ ತೀರ್ಪಿನ ತಿರುಳು. ನ್ಯಾಯವೂ ಅದೇ. ಆದರೆ ಇದರಿಂದಾಗಿ, ಕಾರು ಕೊಟ್ಟು ಹಣ ಎಣಿಸಿಕೊಂಡು ಎಲ್ಲವನ್ನೂ ಮರೆತ ನಿವೃತ್ತ ಗುಮಾಸ್ತರೊಬ್ಬರು ಎಷ್ಟೋ ವರ್ಷಗಳ ನಂತರ ಪರಿಹಾರ ನ್ಯಾಯಮಂಡಳಿಯ ನೋಟಿಸ್ ಹಿಡಿದು ನಿಲ್ಲಬೇಕಾಗಬಹುದು.

ಇನ್ನೂ ಕಠೋರವಾದ ಉದಾಹರಣೆಯೂ ಇದೆ. 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆ ಬಳಿ ಸ್ಫೋಟಗೊಂಡ ಕಾರು ಹಲವು ಕೈ ದಾಟಿ ಬಂದಿದ್ದ ಹಳೆ ಕಾರು. ನಂಬರ್ ಪ್ಲೇಟ್ ಹಿಡಿದು ಹೊರಟ ಪೊಲೀಸರು ಮೊದಲು ತಲುಪಿದ್ದು, ಅದನ್ನು ಎಂದೋ ಮಾರಿದ್ದ ಗುರುಗ್ರಾಮದ ವ್ಯಕ್ತಿಯನ್ನು. ನಿಮ್ಮ ಮೇಜಿನ ಖಾನೆಯಲ್ಲಿರುವ ಸಹಿ ಮಾಡಿದ ಖಾಲಿ ನಮೂನೆಗಳ ಹಿಂದೆಯೂ ಅಂಥದೇ ಒಬ್ಬ ಅಮಾಯಕ ಇದ್ದಾನೆ.

ಮಾರಿದವರ ಕಷ್ಟ ಇದಾದರೆ ಕೊಂಡವರದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಅದೇ ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಹೊರರಾಜ್ಯಕ್ಕೆ ಮಾರಿದವರು 45 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನಗಳಲ್ಲಿ ಅರ್ಜಿ ಹಾಕಬೇಕು. "ಒಂದೆರಡು ತಿಂಗಳಲ್ಲಿ ಆರ್‌ಸಿ ಬರುತ್ತೆ ಬಿಡಿ ಸಾರ್" ಎಂಬ ನಿಮ್ಮ ಮಾತಿನಲ್ಲೇ ಆ ಗಡುವು ಕಳೆದುಹೋಗಿರುತ್ತದೆ. ಅಷ್ಟರಲ್ಲಿ ಮಾರಿದವರು ಊರು ಬದಲಾಯಿಸಿರುತ್ತಾರೆ, ಫೋನ್ ನಂಬರ್ ಬದಲಾಗಿರುತ್ತದೆ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹೇಳಲು ಯಾರೂ ಸಿಗುವುದಿಲ್ಲ. ಈಗ ಕೆಲಸವೆಲ್ಲ ಆನ್‌ಲೈನ್ ಆಗಿರುವುದರಿಂದ ಹಳೆ ಕಾಲದ ಸಹಿ ಒಂದೇ ಸಾಲದು.

ವಿಮೆಯ ಮಾತು ಇನ್ನೂ ಸೂಕ್ಷ್ಮ. ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಕಾರಿನ ಜೊತೆ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸಬರಿಗೆ ದಾಟುತ್ತದೆ. ಕಾರಿಗೇ ಆಗುವ ನಷ್ಟದ ವಿಮೆ ಹಾಗೆ ದಾಟುವುದಿಲ್ಲ, 14 ದಿನಗಳೊಳಗೆ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. 1995ರಲ್ಲೇ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತ್ತು. "ವಿಮೆ ಇನ್ನೂ ಎಂಟು ತಿಂಗಳು ಇದೆ" ಎಂದು ನೀವು ಹೇಳಿದಾಗ ಗಿರಾಕಿ ಖುಷಿಪಡುತ್ತಾನೆ. ಮಳೆಗಾಲದಲ್ಲಿ ನೆಲಮಾಳಿಗೆಗೆ ನೀರು ನುಗ್ಗಿ ಕಾರು ಮುಳುಗಿದಾಗಲೇ ಪಾಲಿಸಿ ಇರುವುದು ಬೇರೆಯವರ ಹೆಸರಲ್ಲಿ ಎಂಬ ಉತ್ತರ ಅವನಿಗೆ ಸಿಗುತ್ತದೆ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಕೂಡ ಅವರ ಜೊತೆಗೇ ಹೋಗುತ್ತದೆ, ಕಾರಿನೊಂದಿಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಲು ನಿಮಗೆ ಅರ್ಧ ನಿಮಿಷ ಸಾಕು.

ಸಾಲದ ಕಾಗದ ಇನ್ನೊಂದು ಗಂಟು. ಸಾಲ ಎಂದೋ ತೀರಿರುತ್ತದೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿಯೂ 35ನೇ ನಮೂನೆಯೂ ಬೇಕು, ಅವಿಲ್ಲದೆ ವರ್ಗಾವಣೆ ಮುಂದೆ ಹೋಗುವುದಿಲ್ಲ. ಕರ್ನಾಟಕದಲ್ಲಿ ಈ ತೊಡಕಿಗೆ ನಮ್ಮದೇ ಒಂದು ರೂಪವಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಯಲ್ಲಿ ಸೇರಿಹೋಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕರಾವಳಿಯಿಂದ ಬಂದ ಹಳೆ ಆಲ್ಟೊ ಒಂದರ ಆರ್‌ಸಿಯಲ್ಲಿ ಇಂದಿಗೂ ಈ ನಾಲ್ಕರಲ್ಲಿ ಒಂದರ ಹೆಸರಿದ್ದರೆ ಆಶ್ಚರ್ಯವಿಲ್ಲ. ಸಾಲ ಕೊಟ್ಟ ಶಾಖೆ ಮುಚ್ಚಿರಬಹುದು ಅಥವಾ ಇನ್ನೊಂದರೊಳಗೆ ಸೇರಿರಬಹುದು, ಖಾತೆ ಸಂಖ್ಯೆಯೂ ಬದಲಾಗಿರಬಹುದು. ಯಾವ ಶಾಖೆಗೆ ಹೋಗಿ ಕೇಳಬೇಕೆಂದು ಹೊಸಬರಿಗೆ ತಿಳಿಯದು. ಸಾಲ ತೆಗೆದವರೇ ಮುಂದೆ ನಿಂತು ಬಿಡಿಸಬೇಕಾದ ಗಂಟು ಇದು, ಕಾರು ನಿಮ್ಮ ಅಂಗಳಕ್ಕೆ ಬರುವ ಮುನ್ನವೇ ಬಿಡಿಸಬೇಕಾದದ್ದು.

ತೀರಿಹೋದವರ ಕಾರಿನ ವಿಷಯವನ್ನೂ ಇಲ್ಲೇ ಹೇಳಬೇಕು. ತಂದೆಯ ಹೆಸರಲ್ಲಿದ್ದ ಕಾರನ್ನು ಮಗ ತರುತ್ತಾನೆ, ತಂದೆಯ ಸಹಿಯನ್ನು ತಾನೇ ಹಾಕುತ್ತಾನೆ, ನೋಡಿದವರು ಸುಮ್ಮನಿರುತ್ತಾರೆ. ಅದು ನಕಲಿ ಸಹಿ. ಕಾನೂನಿನ ದಾರಿ ಕಷ್ಟದ್ದೂ ಅಲ್ಲ: ಮಾಲೀಕರು ತೀರಿಕೊಂಡ 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಂಡರೆ ಆಮೇಲೆ ಮಾರಬಹುದು. ಹಾಗೆ ಮಾಡಿಸದ ಕಾರು ಕೊಂಡವರ ಎದುರು ಮುಂದೊಂದು ದಿನ ಇನ್ನೊಬ್ಬ ವಾರಸುದಾರ ಬಂದು ನಿಂತರೆ, ಉತ್ತರ ಹೇಳಬೇಕಾದವರು ನೀವಾಗಿರುವುದಿಲ್ಲ, ಗಿರಾಕಿಯಾಗಿರುತ್ತಾನೆ.

ಇಷ್ಟೆಲ್ಲ ಹೆಸರಿನ ಮಾತಾಯಿತು. ತೆರಿಗೆಯದು ಇನ್ನೂ ದೊಡ್ಡದು, ಅತಿ ಹೆಚ್ಚು ಜನ ಮೋಸ ಹೋಗುವುದೂ ಇಲ್ಲೇ.

ಕೆಎ ನಂಬರಿನ ಕಾರು ರಾಜ್ಯದೊಳಗೆ ಕೈ ಬದಲಾದರೆ ಹೊಸ ಜೀವಿತಾವಧಿ ತೆರಿಗೆ ಇಲ್ಲ. ಮೊದಲ ಮಾಲೀಕರು ಕಟ್ಟಿದ್ದು ಕಾರಿನ ಜೊತೆಗೇ ಇರುತ್ತದೆ, ವರ್ಗಾವಣೆಯ ಶುಲ್ಕ ಕಟ್ಟಿದರೆ ಸಾಕು. ಹೊರರಾಜ್ಯದ ಕಾರಿನ ಲೆಕ್ಕ ಬೇರೆ. ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 15 ವರ್ಷದ ಪೆಟ್ರೋಲ್ ವಾಹನಗಳೂ ಅದರೊಳಗೆ ಬಂದವು. ಆ ನಿಯಮ ಮುಂದೆ ಹಲವು ತಿರುವು ಕಂಡರೂ ಒಂದು ಪರಿಣಾಮ ಉಳಿಯಿತು: ಗಡುವು ಹತ್ತಿರವಾದ ಗಟ್ಟಿಮುಟ್ಟಾದ ಕಾರುಗಳು ಅಲ್ಲಿ ಅಗ್ಗವಾದವು, ದಕ್ಷಿಣಕ್ಕೆ ಸಾಲುಗಟ್ಟಿ ಬಂದವು. "ದೆಹಲಿ ಗಾಡಿ, ಅರ್ಧ ಬೆಲೆ" ಎಂಬ ಫಲಕಕ್ಕೆ ಮನಸೋತ ಗಿರಾಕಿಗೆ ಉಳಿದರ್ಧದ ಕಥೆಯನ್ನೂ ಹೇಳಬೇಕಲ್ಲವೆ?

ಆ ಕಥೆ ಹೀಗಿದೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ ಬೆಲೆಯ ಮೇಲೆ ನಿಂತಿದೆ. 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದಕ್ಕೂ ಮೇಲ್ಪಟ್ಟದ್ದಕ್ಕೆ ಶೇ 18. ಇದರ ಮೇಲೆ ಸೆಸ್. ದೇಶದಲ್ಲೇ ಹೆಚ್ಚು ತೆರಿಗೆ ಹೇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಹಳೆ ಕಾರಿಗೆ ವಯಸ್ಸಿನ ರಿಯಾಯಿತಿ ಉಂಟು, ವರ್ಷ ಹೋದಂತೆ ಕಟ್ಟಬೇಕಾದ ಪಾಲು ಇಳಿಯುತ್ತದೆ. ಆದರೆ ಆ ಪಾಲನ್ನು ಲೆಕ್ಕ ಹಾಕುವುದು ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ಗಿರಾಕಿ ನಿಮಗೆ ಕೊಟ್ಟ ಬೆಲೆಯ ಮೇಲಲ್ಲ. ಹೊಸದರಲ್ಲಿ 18 ಲಕ್ಷವಿದ್ದ ಕಾರನ್ನು ಒಬ್ಬರು ದೆಹಲಿಯಿಂದ 5 ಲಕ್ಷಕ್ಕೆ ತಂದರು ಎನ್ನಿ. ಶೇ 17ರಂತೆ ಮೂಲ ತೆರಿಗೆ 3 ಲಕ್ಷದ 6 ಸಾವಿರ. ವಯಸ್ಸಿನ ರಿಯಾಯಿತಿಯಲ್ಲಿ ಅದು ಅರ್ಧಕ್ಕೆ ಇಳಿಯಿತೆಂದೇ ಇಟ್ಟುಕೊಂಡರೂ ಒಂದೂವರೆ ಲಕ್ಷ ದಾಟಿತು, ಅದರ ಮೇಲೆ ಸೆಸ್ ಬೇರೆ. ಐದು ಲಕ್ಷದ ಕಾರು ಆರೂಮುಕ್ಕಾಲು ಲಕ್ಷದ ಹತ್ತಿರ ಬಂತು. ಅಷ್ಟೇ ಹಣಕ್ಕೆ ಇಲ್ಲಿನದೇ ಕೆಎ ನಂಬರಿನ ಕಾರು ಸಿಗುತ್ತಿತ್ತೇನೋ. ಆ ಹೋಲಿಕೆ ಮಾಡಿನೋಡುವ ಹಕ್ಕು ಗಿರಾಕಿಗೆ ಮುಂಗಡ ಕೊಡುವ ಮುನ್ನವೇ ಸಿಗಬೇಕು.

"ಒಂದು ವರ್ಷ ಹಾಗೇ ಓಡಿಸಿ, ಯಾರೂ ಕೇಳಲ್ಲ" ಎಂಬ ಸಲಹೆ ನಿಮ್ಮಲ್ಲಿ ಹಲವರ ಬಾಯಲ್ಲಿದೆ. ಇದು ಹುಟ್ಟಿದ್ದು ಒಂದು ನಿಜವಾದ ನಿಯಮದಿಂದ. ಹೊರರಾಜ್ಯದ ವಾಹನ 12 ತಿಂಗಳಿಗೂ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಉಳಿದರೆ ಅಲ್ಲಿನ ಹೊಸ ಸಂಖ್ಯೆಗೆ ಅರ್ಜಿ ಹಾಕಬೇಕೆಂದು ಕೇಂದ್ರ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. 2014ರಲ್ಲಿ ರಾಜ್ಯ ಸರ್ಕಾರ ತನ್ನ ತೆರಿಗೆ ಕಾಯ್ದೆ ತಿದ್ದಿ, 30 ದಿನ ದಾಟಿದರೆ ಸಾಕು, ಜೀವಿತಾವಧಿ ತೆರಿಗೆ ಕಟ್ಟಬೇಕೆಂದಿತು. ಬೆಂಗಳೂರಿನ ಹೊರರಾಜ್ಯದ ಉದ್ಯೋಗಿಗಳು ರಸ್ತೆ ರಸ್ತೆಯಲ್ಲಿ ತಪಾಸಣೆ ಎದುರಿಸಿದ ಕಾಲ ಅದು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. ಹೀಗಾಗಿ ಕೆಲಸದ ಮೇಲೆ ತನ್ನದೇ ಕಾರು ತಂದ ಪುಣೆಯ ಎಂಜಿನಿಯರ್‌ಗೆ ವರ್ಷದ ಬಿಡುವು ಇದೆ. ಆದರೆ ಇಲ್ಲೇ ಹುಟ್ಟಿ ಬೆಳೆದು, ಇಲ್ಲೇ ಇರುವ ದಾವಣಗೆರೆಯ ಗಿರಾಕಿ ಹೊರರಾಜ್ಯದ ಕಾರನ್ನು ಕೊಂಡಾಗ ಮಾತು ಬೇರೆ. ಅವನು 30 ದಿನದಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಲೇಬೇಕು, ಹೆಸರು ಬದಲಾಗಬೇಕಾದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು. ಪುಣೆಯ ಎಂಜಿನಿಯರ್‌ನ ಬಿಡುವನ್ನು ದಾವಣಗೆರೆಯವನಿಗೆ ಮಾರುವುದು ಸರಿಯಲ್ಲ.

ಮೊದಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳುವ ಅವಕಾಶ ಕರ್ನಾಟಕದ ಕಾಯ್ದೆಯಲ್ಲಿದೆ, ಬೇರೆ ಹಲವು ರಾಜ್ಯಗಳಲ್ಲೂ ಇದೆ. ಹೊಸ ರಾಜ್ಯದಲ್ಲಿ ನೋಂದಣಿಯಾದ ದಾಖಲೆ ತೋರಿಸಿ ಅರ್ಜಿ ಹಾಕಬೇಕು. ಆ ಹಣ ಮಾರಿದವರದೋ ಕೊಂಡವರದೋ ಎಂದು ವ್ಯವಹಾರದ ದಿನವೇ ಬರೆದುಕೊಳ್ಳದಿದ್ದರೆ ಅದರ ಬೆನ್ನು ಹತ್ತುವವರೇ ಇರುವುದಿಲ್ಲ. ಸಾವಿರಾರು ರೂಪಾಯಿ ಹಾಗೇ ಉಳಿದುಹೋಗುತ್ತದೆ.

ಬಿಎಚ್ ಸರಣಿಯ ಕಾರುಗಳೂ ಈಗ ಹಳೆ ಮಾರುಕಟ್ಟೆಗೆ ಬರತೊಡಗಿವೆ. 2021ರಲ್ಲಿ ಶುರುವಾದ ಈ ನೋಂದಣಿ ಸರ್ಕಾರಿ ನೌಕರರಿಗೆ, ಸೇನೆಯವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೆ ಇರುವ ಸೌಲಭ್ಯ. ತೆರಿಗೆಯನ್ನು ಎರಡು ವರ್ಷಕ್ಕೊಮ್ಮೆ ಕಟ್ಟುತ್ತ ಹೋಗುತ್ತಾರೆ, ಆದ್ದರಿಂದ ಜೀವಿತಾವಧಿ ತೆರಿಗೆ ಕಟ್ಟಿರುವುದಿಲ್ಲ. ಆ ಅರ್ಹತೆ ಇಲ್ಲದವರು ಕೊಂಡರೆ ಕಾರನ್ನು ರಾಜ್ಯದ ಸಂಖ್ಯೆಗೆ ಬದಲಾಯಿಸಿ ಇಲ್ಲಿನ ತೆರಿಗೆ ಕಟ್ಟಬೇಕು. ಕಾರು ಹೊಸದಾಗಿ ಕಾಣುತ್ತದೆ, ಬೆಲೆ ಕಡಿಮೆ ಇರುತ್ತದೆ. ಆ ಕಡಿಮೆಯ ಕಾರಣವನ್ನು ಮಾರುವವರೇ ಹೇಳಬೇಕು.

ಜಿಎಸ್‌ಟಿಯ ಹೆಸರಿನಲ್ಲೂ ಗೊಂದಲವಿದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಳೆ ವಾಹನಗಳಿಗೆ ಶೇ 18ರ ಒಂದೇ ದರ ಮಾಡಿತು. ಇದು ನೋಂದಾಯಿತ ವ್ಯಾಪಾರಿಯ ಲಾಭದ ಅಂತರದ ಮೇಲೆ ಮಾತ್ರ. 6 ಲಕ್ಷಕ್ಕೆ ಕೊಂಡು ಆರೂವರೆ ಲಕ್ಷಕ್ಕೆ ಮಾರಿದರೆ ತೆರಿಗೆ ಬೀಳುವುದು ನಡುವಿನ 50 ಸಾವಿರಕ್ಕೆ, ಅಂದರೆ 9 ಸಾವಿರ ರೂಪಾಯಿ. ಒಬ್ಬ ಗೃಹಸ್ಥ ತನ್ನ ಕಾರನ್ನು ಇನ್ನೊಬ್ಬ ಗೃಹಸ್ಥನಿಗೆ ಮಾರಿದರೆ ಜಿಎಸ್‌ಟಿಯೇ ಇಲ್ಲ. ಇಡೀ ಬೆಲೆಯ ಮೇಲೆ ಶೇ 18 ಎಂದು ಹೆದರಿಸಿ ಬಿಲ್ ಇಲ್ಲದ ವ್ಯವಹಾರಕ್ಕೆ ಗಿರಾಕಿಯನ್ನು ಒಪ್ಪಿಸುವುದು ವಂಚನೆ. ಬಿಲ್ ಇಲ್ಲದವನು ನಾಳೆ ಗ್ರಾಹಕರ ಆಯೋಗದ ಮುಂದೆ ಏನನ್ನು ತೋರಿಸಿಯಾನು?

ಬಾಕಿ ದಂಡಗಳ ವಿಷಯ ಚಿಕ್ಕದು, ಆದರೆ ಹೇಳಬೇಕಾದ್ದು. ಬೆಂಗಳೂರಿನಲ್ಲಿ ಸಂಚಾರ ದಂಡದ ಬಾಕಿ ಎಷ್ಟು ಬೆಳೆದಿತ್ತೆಂದರೆ 2023ರ ಫೆಬ್ರವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟು ವಸೂಲಿ ಮಾಡಬೇಕಾಯಿತು, 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ರಿಯಾಯಿತಿ ಬಂತು. ಈ ದಂಡಗಳು ವಾಹನದ ಸಂಖ್ಯೆಗೆ ಅಂಟಿಕೊಂಡಿರುತ್ತವೆ. ಹಳೆಯ ಮಾಲೀಕ ಸಿಗ್ನಲ್ ದಾಟಿದ್ದಕ್ಕೆ ಹೊಸಬ ನಡುರಸ್ತೆಯಲ್ಲಿ ನಿಂತು ಹಣ ಕಟ್ಟಬೇಕಾದ ಸ್ಥಿತಿ ಬರಬಾರದು. ವಾಹನ ಸಂಖ್ಯೆ ಹಾಕಿ ಬಾಕಿ ನೋಡುವ ಕೆಲಸ ಮೊಬೈಲಿನಲ್ಲೇ ಆಗುತ್ತದೆ.

ಇದೆಲ್ಲ ಗಿರಾಕಿಯ ಜವಾಬ್ದಾರಿ, ನಾವು ಬರೀ ನಡುವಿನವರು ಎಂದು ನೀವು ಹೇಳಬಹುದು. ಹಿಂದೆ ಆ ಮಾತಿಗೆ ಸ್ವಲ್ಪ ಆಧಾರವಿತ್ತು. ಈಗ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಳೆ ವಾಹನದ ವ್ಯಾಪಾರಿ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು, ಅದರ ಅವಧಿ ಐದು ವರ್ಷ. ಮಾಲೀಕರು ಕಾರನ್ನು ವ್ಯಾಪಾರಿಗೆ ಒಪ್ಪಿಸಿದಾಗ 29ಸಿ ನಮೂನೆಯಲ್ಲಿ ಆನ್‌ಲೈನ್ ಮೂಲಕ ಆರ್‌ಟಿಒಗೆ ತಿಳಿಸಬೇಕು. ಅಲ್ಲಿಂದ ಮುಂದೆ, ಕಾರು ಗಿರಾಕಿಯ ಹೆಸರಿಗೆ ಹೋಗುವವರೆಗೆ, ವ್ಯಾಪಾರಿಯನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಕಾರನ್ನು ಪ್ರಾಯೋಗಿಕ ಓಡಾಟ, ರಿಪೇರಿ, ಬಣ್ಣ ಬಳಿಸುವಂಥ ಕೆಲಸಗಳಿಗೆ ಹೊರತು ರಸ್ತೆಗಿಳಿಸುವಂತಿಲ್ಲ, ಪ್ರತಿ ಓಡಾಟವನ್ನೂ ಎಲೆಕ್ಟ್ರಾನಿಕ್ ದಾಖಲೆಯಲ್ಲಿ ಬರೆದಿಡಬೇಕು.

ಈ ನಿಯಮ ಹೊರೆಯೆಂದು ಕಾಣಬಹುದು. ಆದರೆ ಅದು ನಿಮಗೆ ಕೊಡುವುದೂ ಕಡಿಮೆಯೇನಲ್ಲ. ಅಧಿಕಾರ ಪತ್ರ ಹೊಂದಿದ ವ್ಯಾಪಾರಿ ತನ್ನ ಬಳಿಯಿರುವ ಕಾರಿನ ಆರ್‌ಸಿ ನವೀಕರಣ, ನಕಲು ಆರ್‌ಸಿ, ಎನ್‌ಒಸಿ, ವರ್ಗಾವಣೆ ಎಲ್ಲಕ್ಕೂ ತಾನೇ ಅರ್ಜಿ ಹಾಕಬಹುದು. ಮಾರಿದವರ ಒಟಿಪಿಗಾಗಿ ಕಾಯುವ, ಅವರ ಮನೆಗೆ ಅಲೆಯುವ ಪಾಡು ತಪ್ಪುತ್ತದೆ. ಖಾಲಿ ನಮೂನೆಗಳ ಅಗತ್ಯವೇ ಉಳಿಯುವುದಿಲ್ಲ. ನಿಯಮ ಬಂದು ಇಷ್ಟು ಕಾಲವಾದರೂ ಊರೂರಿನ ಅಂಗಡಿಗಳಲ್ಲಿ ಸಹಿ ಮಾಡಿದ ಖಾಲಿ ಹಾಳೆಗಳೇ ಓಡಾಡುತ್ತಿರುವುದಕ್ಕೆ ಸಾರಿಗೆ ಇಲಾಖೆಯ ಉದಾಸೀನವೂ ಕಾರಣ. ಯುಬಿ ಸಿಟಿ ಎದುರು ನಿಂತು ರೋಲ್ಸ್ ರಾಯ್ಸ್ ಹಿಡಿಯುವ ಉತ್ಸಾಹವನ್ನು ಇಲಾಖೆ ಅಧಿಕಾರ ಪತ್ರವಿಲ್ಲದ ಅಂಗಡಿಗಳ ಮೇಲೂ ತೋರಿಸಬೇಕು. ಹಾಗೆ ತೋರಿಸಿದರೆ ಪ್ರಾಮಾಣಿಕ ವ್ಯಾಪಾರಿಗಳಿಗೇ ಮೊದಲ ಲಾಭ.

ನಿಮ್ಮಲ್ಲಿ ಅಂಥವರು ಇದ್ದಾರೆ. ವರ್ಗಾವಣೆಯಾಗುವವರೆಗೆ ಮಾರಿದವರಿಗೆ ಕೊಡಬೇಕಾದ ಹಣದಲ್ಲಿ ಒಂದಿಷ್ಟನ್ನು ತಡೆಹಿಡಿದು, ಹೊಸ ಆರ್‌ಸಿ ಬಂದ ಮೇಲೆ ಕೊಡುವವರಿದ್ದಾರೆ. ಬ್ಯಾಂಕಿನ ಎನ್‌ಒಸಿ ಕೈಗೆ ಬರುವ ಮುನ್ನ ಕಾರನ್ನು ಅಂಗಳಕ್ಕೇ ತರಿಸದವರಿದ್ದಾರೆ. ಅವರ ಬಳಿ ಕಾರಿನ ಬೆಲೆ ಸ್ವಲ್ಪ ಹೆಚ್ಚಿರುತ್ತದೆ, ಪಕ್ಕದ ಅಂಗಡಿಯ ಅಗ್ಗದ ಬೆಲೆ ನೋಡಿ ಗಿರಾಕಿ ಅಲ್ಲಿಗೆ ಹೋಗುತ್ತಾನೆ. ಎರಡು ಬೆಲೆಗಳ ನಡುವಿನ ಅಂತರ ಏನೆಂದು ಅವನಿಗೆ ತಿಳಿಯುವಂತಾದರೆ ಸರಿಯಾಗಿ ವ್ಯಾಪಾರ ಮಾಡುವವರು ಬದುಕುತ್ತಾರೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂಗಡ ತೆಗೆದುಕೊಳ್ಳುವ ಮುನ್ನ ಗಿರಾಕಿಯ ಕೈಗೆ ಒಂದು ಹಾಳೆ ಕೊಡಿ. ಆರ್‌ಸಿ ಇಂದು ಯಾರ ಹೆಸರಲ್ಲಿದೆ, ಬ್ಯಾಂಕಿನ ಸಾಲದ ನಮೂದು ತೆಗೆಸಿದೆಯೇ, ಬಾಕಿ ದಂಡವೆಷ್ಟು, ಹೊರರಾಜ್ಯದ ಅಥವಾ ಬಿಎಚ್ ಕಾರಾದರೆ ಇಲ್ಲಿ ಕಟ್ಟಬೇಕಾದ ತೆರಿಗೆ ರೂಪಾಯಿ ಲೆಕ್ಕದಲ್ಲಿ ಎಷ್ಟು, ಅದನ್ನು ಕಟ್ಟುವವರು ಯಾರು, ಹೆಸರು ಬದಲಾಗುವ ದಿನಾಂಕ ಯಾವುದು, ಆ ದಿನ ದಾಟಿದರೆ ಹಣ ವಾಪಸ್ ಕೊಡುವಿರಾ ಎಂಬುದನ್ನೆಲ್ಲ ಅದರಲ್ಲಿ ಬರೆದು, ಅಂಗಡಿಯ ಮುದ್ರೆ ಒತ್ತಿ, ಸಹಿ ಹಾಕಿ ಕೊಡಿ.

ಇತಿ,
ಹಳೆ ಕಾರು ಕೊಳ್ಳುವವರ ಪರವಾಗಿ ಒಬ್ಬ ಪತ್ರಿಕಾ ಬರಹಗಾರ